ಸೈನಿಕರಿಗೆ ತರಬೇತಿ ಕೊಡಲು ಯಾವ ಸರ್ಟಿಫಿಕೇಟು?



ಬಿ.ಇ. ಓದಿದವನೆಂದು ಕಂಪ್ಯೂಟರ್ ಬಗ್ಗೆ ಮಾತಾಡಲು ಕರೆದಿದ್ದೀರಿ. ಆದರೆ ನಮ್ಮ ಶಾಲೆಯಲ್ಲೇ ಓದಿದ ಹುಡುಗನೊಬ್ಬ ಫೋನಿನಲ್ಲಿ ಕೇಳಿದ ಪ್ರಶ್ನೆ ಇಲ್ಲಿರುವ ಹಲವರದೂ ಹೌದು. "ಅಣ್ಣ, ಜಿಮ್ ಟ್ರೈನರ್ ಆಗಿದ್ದೀನಿ. ಮಿಲಿಟರಿಯವರಿಗೆ ಟ್ರೈನಿಂಗ್ ಕೊಡೋಕೆ ಯಾವ ಸರ್ಟಿಫಿಕೇಟ್ ಮಾಡಲಿ? ಸಾಲ ತೆಗೀಬೇಕು."

ಹುಡುಕಿದರೆ ಮೊದಲು ಸಿಗುವುದು ಅಮೆರಿಕದ ಎನ್‌ಎಸ್‌ಸಿಎ ಸಂಸ್ಥೆಯ ಟಿಎಸ್‌ಎಸಿ-ಎಫ್. ಸೈನಿಕರು, ಪೊಲೀಸರು, ಅಗ್ನಿಶಾಮಕದವರಿಗೆ ತರಬೇತಿ ಕೊಡುವವರಿಗೆಂದೇ ಇರುವುದು. ಅದೇ ಸಂಸ್ಥೆಯ ಸಿಎಸ್‌ಸಿಎಸ್‌ಗೆ ಪದವಿ ಬೇಕು. ಅಲ್ಲಿನ ಸೇನೆ ನಾಗರಿಕ ತರಬೇತುದಾರರನ್ನೂ ಇಟ್ಟುಕೊಳ್ಳುತ್ತದೆ, ಅದಕ್ಕೇ ಈ ಕಾಗದಕ್ಕೆ ಬೆಲೆ. ನಮ್ಮಲ್ಲಿ ಪಿ.ಟಿ. ಉಸ್ತಾದರು ಸೈನಿಕರೇ, ಅವರು ಕಲಿಯುವುದು ಪುಣೆಯ ಸೇನಾ ದೈಹಿಕ ತರಬೇತಿ ಸಂಸ್ಥೆಯಲ್ಲಿ. ಹೊರಗಿನ ಸರ್ಟಿಫಿಕೇಟು ತೋರಿಸಿದರೆ ಗೇಟಿನ ಸಂತ್ರಿ ಒಳಗೆ ಬಿಡುವುದಿಲ್ಲ.

ಹಾಗಾದರೆ ಇವನ ಬಳಿ ಬರುವವರು ಯಾರು? ಸೇನಾ ಭರ್ತಿಗೆ ಸಿದ್ಧರಾಗುವ ನಿಮ್ಮಂಥವರು. 1.6 ಕಿ.ಮೀ. ಓಟ, ಪುಲ್‌ಅಪ್, 9 ಅಡಿ ಹೊಂಡ ದಾಟುವುದು. ಸಿಕ್ಸ್‌ಪ್ಯಾಕ್ ಯಾರೂ ಕೇಳುವುದಿಲ್ಲ ಬಿಡಿ. ಆದರೆ ಆತುರಪಟ್ಟು ಓಟವನ್ನು ಒಮ್ಮೆಲೇ ದುಪ್ಪಟ್ಟು ಮಾಡಿಸಿದರೆ ಮೊಣಕಾಲಿನ ಕೆಳಗಿನ ಮೂಳೆ ಸಣ್ಣಗೆ ಬಿರುಕು ಬಿಡಬಹುದು. ಅದು ವಾಸಿಯಾಗುವಷ್ಟರಲ್ಲಿ ವಯಸ್ಸಿನ ಮಿತಿ ದಾಟಿದರೆ? ಹುಡುಗನ ಅವಕಾಶವೇ ಹೋಯಿತು.

ಅವನಿಗೆ ಹೇಳಿದೆ: ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಆರು ವಾರದ ಕೋರ್ಸ್ ವಿಚಾರಿಸು, ಪ್ರಥಮ ಚಿಕಿತ್ಸೆ ಕಲಿ, ನಿವೃತ್ತ ಉಸ್ತಾದರೊಬ್ಬರ ಜೊತೆ ಬೆಳಗಿನ ಐದಕ್ಕೆ ಮೈದಾನಕ್ಕೆ ಇಳಿ. ಅಮೆರಿಕದ್ದು, ಹೊರದೇಶಕ್ಕೆ ಹೊರಟಾಗ ನೋಡೋಣ. ಸಾಲ ಈಗ ಬೇಡ.

ಅರ್ಜಿ ತುಂಬಲು ನೆರವು ಬೇಕಾದವರು ಊಟದ ನಂತರ ನನ್ನ ಹತ್ತಿರ ಬನ್ನಿ.