ಮರ ಕುಯ್ಯುವ ಮಿಷನ್ನಿಗೆ ಅಗ್ಗದ ಪಾರ್ಟು

(ಕೂಟದ ಸಭೆಯಲ್ಲಿ ಆಡಿದ ಮಾತು)



ಗಾಳಿಮಳೆ ಬಂದು ಹೋದಮೇಲೆ ನಮ್ಮ ತಾಳವಾಡಿ ಬೆಟ್ಟದ ಕಡೆ ಸಿಲ್ವರ್ ಮರವೋ ನೀಲಗಿರಿಯೋ ಒಂದೆರಡು ದಾರಿಗೆ ಅಡ್ಡ ಬಿದ್ದೇ ಬೀಳುತ್ತದೆ. ಆಗ ಮೂಲೆಯಲ್ಲಿದ್ದ ಮಿಷನ್ ಹೊರಗೆ ಬರುತ್ತದೆ. ವರ್ಷಕ್ಕೆ ನಾಲ್ಕೈದು ಸಲದ ಕೆಲಸ. ಅಷ್ಟಕ್ಕೆ ಕಂಪನಿ ಪಾರ್ಟಿಗೆ ಯಾಕೆ ದುಡ್ಡು ಸುರಿಯಬೇಕು, ಚಾಮರಾಜನಗರದಲ್ಲಿ ಅಗ್ಗದ್ದು ಸಿಗುವುದಿಲ್ಲವೇ ಎಂದು ನಮ್ಮವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಕೂಲಿ ದುಡ್ಡಿನಲ್ಲಿ ಕೊಳ್ಳುವವರು ನಾವು.

ನಾವು ಕಂಡುಕೊಂಡದ್ದು ಇಷ್ಟು: ಕೆಟ್ಟರೆ ಇಂಜಿನ್ ಮಾತ್ರ ನಿಲ್ಲುವಂಥ ಪಾರ್ಟು ಅಗ್ಗದ್ದಾದರೂ ಸರಿ, ಕೆಟ್ಟರೆ ಮೈಮೇಲೆ ಬರುವಂಥದ್ದು ಅಗ್ಗದ್ದು ಬೇಡ. ಸ್ಟಾರ್ಟರ್ ಹಗ್ಗ, ಅದರ ಸ್ಪ್ರಿಂಗು, ಏರ್ ಫಿಲ್ಟರ್ ಇವೆಲ್ಲ ಅಗ್ಗದ್ದು ನಡೆಯುತ್ತದೆ. ಫಿಲ್ಟರಿನ ಅಂಚು ಸಂದಿಯಿಲ್ಲದೆ ಕೂರಬೇಕು, ಇಲ್ಲದಿದ್ದರೆ ಧೂಳು ಒಳಗೆ ಹೋಗಿ ಪಿಸ್ಟನ್ ಗೀರುತ್ತದೆ.

ಚೈನ್ ವಿಷಯ ಬೇರೆ. ಒಂದು ಸಲ ನಾವೇ ಹಳೆಯ ಬಾರಿಗೆ ಅಗ್ಗದ ಚೈನ್ ತಂದೆವು. ಉದ್ದ ಸರಿಯಿತ್ತು, ಅಡಿಹಲ್ಲಿನ ದಪ್ಪ ನೋಡಲಿಲ್ಲ. ಬಾರಿನ ಸೀಳಿನಲ್ಲಿ ಚೈನ್ ಅಲ್ಲಾಡಿ ಅರ್ಧ ಮರದಲ್ಲಿ ಕಳಚಿ ಹಿಂದಕ್ಕೆ ಬೀಸಿತು. ಕೈಗವಸು ಹರಿಯಿತು, ಕೈ ಉಳಿಯಿತು. ಉಳಿಸಿದ್ದು ಬಾರಿನ ಬುಡದಲ್ಲಿರುವ ಚಿಕ್ಕ ಕೊಕ್ಕೆ, ಚೈನ್ ಕ್ಯಾಚರ್. ಅದು ಮುರಿದರೆ 'ಇಲ್ಲದಿದ್ದರೂ ಓಡುತ್ತದೆ' ಎಂದು ಬಿಸಾಡುವವರೇ ಹೆಚ್ಚು. ಅಂಗಡಿಗೆ ಹಳೇ ಚೈನ್, ಬಾರ್ ಎರಡನ್ನೂ ಒಯ್ಯಿರಿ. ಪಿಚ್, ಗೇಜ್, ಅಡಿಹಲ್ಲಿನ ಎಣಿಕೆ ಮೂರೂ ಹೊಂದಬೇಕು. ಬಾರಿನ ಬುಡದಲ್ಲಿ ಇದರ ಅಂಕಿ ಒತ್ತಿರುತ್ತಾರೆ. ಹಲ್ಲುಚಕ್ರ ಆಳವಾಗಿ ಸವೆದಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಹೊಸ ಚೈನನ್ನೂ ಅದು ತಿಂದುಬಿಡುತ್ತದೆ. ನಮಗೆ ಮಧ್ಯಮ ಬೆಲೆಯ ಚೈನ್ ಸಾಕು. .325 ಪಿಚ್ಚಿಗೆ 4.8 ಮಿ.ಮೀ. ದುಂಡು ಅರ ಒಂದಿದ್ದರೆ ಮನೆಯಲ್ಲೇ ಮಸೆಯಬಹುದು.

ಬ್ರೇಕಿನಲ್ಲಿ ಮಾತ್ರ ಒಂದು ಕಾಸೂ ಉಳಿಸಬೇಡಿ. ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮಿಷನ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದತ್ತ ಚಿಮ್ಮುತ್ತದೆ. ಇಲ್ಲಿಂದ ಸತ್ಯಮಂಗಲಕ್ಕೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ರಕ್ತ ಸುರಿಯುವವನಿಗೆ ಅದು ಬಹಳ ದೂರದ ದಾರಿ. ಇಂಜಿನ್ ಆರಿಸಿ, ಮುಂದಿನ ಕಾವಲನ್ನು ಮುಂದಕ್ಕೆ ತಳ್ಳಿ, ಕೈಗವಸು ತೊಟ್ಟು ಚೈನ್ ಎಳೆಯಿರಿ. ಅಲುಗಿದರೆ ಬ್ರೇಕ್ ಸತ್ತಿದೆ.

ಇನ್ನೊಂದು ಮಾತು. ಅಪರೂಪಕ್ಕೆ ಓಡುವ ಮಿಷನ್ ಸವೆದು ಕೆಡುವುದಕ್ಕಿಂತ ಕೂತು ಕೆಡುವುದೇ ಹೆಚ್ಚು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಸೇರಿದೆ, ಅದು ನೀರು ಹೀರುತ್ತದೆ, ರಬ್ಬರ್ ಕೆಡಿಸುತ್ತದೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿ, ಉಳಿದದ್ದು ಉರಿದು ಇಂಜಿನ್ ತಾನೇ ನಿಲ್ಲುವ ತನಕ ಓಡಿಸಿ ಇಡಿ. ಕಾರ್ಬುರೇಟರ್ ಕಿಟ್ಟಿನ ದುಡ್ಡು ಅಲ್ಲೇ ಉಳಿಯಿತು.

ಇದೆಲ್ಲ ನಮ್ಮ ಸ್ವಂತ ಮಿಷನ್ನಿನ ಮಾತಾಯಿತು. ಗುತ್ತಿಗೆದಾರರು ಕೊಟ್ಟದ್ದಾದರೂ ಕೆಲಸಕ್ಕೆ ಮೊದಲು ಬ್ರೇಕ್ ನೋಡಿ. ಕೆಟ್ಟಿದ್ದರೆ ಬೇಡವೆನ್ನಲು ಒಬ್ಬನಿಗೆ ಕಷ್ಟ, ಗೊತ್ತು. ಒಂದು ಕಡೆ ನಮ್ಮವರು ನಾಲ್ಕು ಜನ ಸೇರಿ ಹೇಳಿದರು. ಅಂದು ಅರ್ಧ ದಿನದ ಕೂಲಿ ಹೋಯಿತು, ಮಾರನೆಯ ದಿನ ಹೊಸ ಬ್ರೇಕ್ ಬಂತು. ಆ ಅರ್ಧ ದಿನದ ಕೂಲಿಯನ್ನು ಕೇಳುವ ಕೆಲಸ ಇನ್ನೂ ಬಾಕಿಯಿದೆ.