ಕೊನೆಯ ದಿನದ ಪ್ರಶ್ನೆಯನ್ನು ಮೊದಲು ಬರೆಯೋಣ
(ಮಕ್ಕಳ ವಚನ ಶಿಬಿರದ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಬೇಸಿಗೆ ಶಿಬಿರಕ್ಕೆ ತಯಾರಿ ನಡೆದಿದೆ. ಪ್ರತಿವರ್ಷ ನಾವು ಮಾಡುವುದೇನು? 10 ದಿನ, 50 ವಚನ, ದಿನಕ್ಕೆ ಐದು ಎಂದು ಹಂಚಿಕೊಳ್ಳುತ್ತೇವೆ. ಕೊನೆಯ ದಿನ ಕಂಠಪಾಠ ಸ್ಪರ್ಧೆ. ಅಲ್ಲಿ ಏನು ಕೇಳಬೇಕೆಂದು ಹಿಂದಿನ ರಾತ್ರಿ ಕೂತು ಯೋಚಿಸುತ್ತೇವೆ. ನಾನೂ ಬಹಳ ವರ್ಷ ಹೀಗೇ ಮಾಡಿದವನು.

ಒಂದು ಶಿಬಿರದಲ್ಲಿ ಮೊದಲ ಬಹುಮಾನ ಪಡೆದ ಹುಡುಗ ಕಾಯಕದ ವಚನಗಳನ್ನು ಒಂದಕ್ಷರ ತಪ್ಪದೆ ಹೇಳಿದ. ಪ್ರಸಾದವಾದ ಮೇಲೆ, ಅಂಗಳದ ಕಸ ಹೊಡೆಯೋಣ ಬಾ ಎಂದೆ. "ಅದು ನಮ್ಮ ಕೆಲಸ ಅಲ್ರಿ ಸರ, ಕಸ ಹೊಡಿಯೋರು ಬರ್ತಾರ" ಎಂದ. ಅವನ ಮೇಲೆ ಸಿಟ್ಟಾಗಿ ಏನು ಪ್ರಯೋಜನ? ನಾನು ಕೇಳಿದ್ದು ಬಾಯಿಪಾಠ, ಅವನು ಕೊಟ್ಟದ್ದೂ ಅದನ್ನೇ.

ಪರೀಕ್ಷೆಯನ್ನು ಮೊದಲು ರೂಪಿಸಿ ಆಮೇಲೆ ಪಾಠ ಯೋಜಿಸುವ ಕ್ರಮವನ್ನು ಅಮೆರಿಕದ ಗ್ರಾಂಟ್ ವಿಗಿನ್ಸ್ ಮತ್ತು ಜೇ ಮ್ಯಾಕ್‌ಟೈ 1998ರಲ್ಲಿ ಪುಸ್ತಕವಾಗಿ ತಂದರು. ಮಗು ಏನನ್ನು ಅರಿಯಬೇಕು, ಅರಿತಿದೆ ಎಂಬುದಕ್ಕೆ ಕುರುಹೇನು, ಆ ಕುರುಹು ಕಾಣಲು ಯಾವ ಪಾಠ ಬೇಕು? ಪಾಠದ ಸರದಿ ಮೂರನೆಯದು. ಅರಿವು, ಕುರುಹು ಎಂಬ ಮಾತುಗಳು ನಮಗೇನೂ ಹೊಸವಲ್ಲ. ಶೂನ್ಯಸಂಪಾದನೆ ಓದಿದವರು ನೆನೆಯಿರಿ: ಅನುಭವ ಮಂಟಪಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಎಷ್ಟು ಗ್ರಂಥ ಬಾಯಿಗೆ ಬರುತ್ತದೆ ಎಂದು ಕೇಳಲಿಲ್ಲ. ಆಕೆಯ ನಿಲುವನ್ನೇ ಕೆಣಕಿ ಕೇಳಿದರು.

ಮುಂದಿನ ಶಿಬಿರಕ್ಕೆ ನಾನು ಕೊನೆಯ ದಿನದ ಪ್ರಶ್ನೆಗಳನ್ನೇ ಮೊದಲು ಬರೆದೆ. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬರಲು ಹೇಳಿದ ಕಥೆ ನಿಮಗೆಲ್ಲ ಗೊತ್ತು. ಲಕ್ಕಮ್ಮ ಹಾಗೇಕೆ ಹೇಳಿದಳು? ನಿಮ್ಮ ಮನೆಯಲ್ಲಿ ಹಾಗೆ ಹೇಳಬೇಕಾದ ಒಂದು ಸಂದರ್ಭ ಯಾವುದು? ಊರಲ್ಲಿ ದುಡಿಯುವ ಒಬ್ಬರನ್ನು ಮಾತಾಡಿಸಿ ಬನ್ನಿ. ಅವರ ಕಾಯಕ ನಿಂತರೆ ನಮಗೇನಾಗುತ್ತದೆ? ಅಂಕಕ್ಕೆ ಎರಡೇ ಅಳತೆ: ಸ್ವಂತ ಮಾತು, ಕಣ್ಣಾರೆ ಕಂಡ ಉದಾಹರಣೆ.

ಹೀಗೆ ಬರೆದಿಟ್ಟ ಮೇಲೆ ಪಾಠ ತಾನೇ ಬದಲಾಯಿತು. 50 ವಚನ ಎಂಟಕ್ಕೆ ಇಳಿದವು. "ಎಂಟೇ ಏನ್ರಿ?" ಎಂದು ಪಾಲಕರು ಮುಖ ಸಣ್ಣ ಮಾಡಿದರು. ಬಾಯಿಪಾಠ ಬೇಡವೆಂದು ನಾನು ಹೇಳುತ್ತಿಲ್ಲ. ಆ ಎಂಟನ್ನೂ ಮಕ್ಕಳು ಬಾಯಿಪಾಠ ಮಾಡಿದರು. ಆದರೆ ಉಳಿದ ಹೊತ್ತೆಲ್ಲ ಪ್ರಶ್ನೆ ಕೇಳುವುದನ್ನು, ಕೇಳಿದ್ದನ್ನು ಬರೆದಿಡುವುದನ್ನು ಕಲಿಸಲು ಬೇಕಾಯಿತು.

ಆದರೂ ಒಂದು ಪಾಠವನ್ನು ಬಿಟ್ಟಿದ್ದೆ. ಬೀದಿ ಗುಡಿಸುವ ತಾಯಿಯೊಬ್ಬರ ಮುಂದೆ ನಿಂತ ನಮ್ಮ ಮಕ್ಕಳು, ಅಜ್ಜಿಯ ವಯಸ್ಸಿನ ಆಕೆಯನ್ನು, "ಏ, ನಿನ್ನ ಹೆಸರೇನು?" ಎಂದರು. ಮನೆಗೆ ಬಂದ ಗುಮಾಸ್ತರನ್ನು ಅದೇ ಮಕ್ಕಳು ಬಹುವಚನದಲ್ಲಿ ಮಾತಾಡಿಸುತ್ತಾರೆ. ನಾಲ್ಕು ಗೋಡೆಯೊಳಗೆ ಎಷ್ಟು ವಚನ ಹೇಳಿಸಿದ್ದರೂ ಇದು ನನಗೆ ಕಾಣುತ್ತಿರಲಿಲ್ಲ. ಮರುವರ್ಷ ಮೊದಲ ದಿನದ ಪಾಠ ಅದೇ ಆಯಿತು: ಯಾರನ್ನು ಹೇಗೆ ಕರೆಯುತ್ತೇವೆ, ಏಕೆ?

ಈ ವರ್ಷದ ಕೊನೆಯ ದಿನದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ತಂದಿದ್ದೇನೆ. ಪ್ರಸಾದಕ್ಕೆ ಮುನ್ನ ಗುಂಪಾಗಿ ಕೂತು ತಿದ್ದಿಕೊಡಿ. ಅಲ್ಲಿಯವರೆಗೆ ಯಾರೂ ವೇಳಾಪಟ್ಟಿ ಬರೆಯುವುದು ಬೇಡ.