ಒಂದು ಘಟ್ಟ, ಒಂದು ತಿಟ್ಟು

ಒಂದೇ ದಿನದಲ್ಲಿ ಬೆಟ್ಟ ಹತ್ತಿ, ಹೊಳೆಯಲ್ಲಿ ದೋಣಿಯೇರಿ, ದೀಪ ಹಚ್ಚುವ ಹೊತ್ತಿಗೆ ಊರಿನ ದಾರಿ ಹಿಡಿಯಬೇಕೆನ್ನುವವರಿಗೆ ಶ್ರೀರಂಗಪಟ್ಟಣದ ಆಸುಪಾಸು ಹೇಳಿ ಮಾಡಿಸಿದಂತಿದೆ. ಪಟ್ಟಣದ ಮೂಡಲಿಗೆ ಕರಿಘಟ್ಟ, ಪಡುವಲಿಗೆ ರಂಗನತಿಟ್ಟು. ಎರಡೂ ಕೆಲವೇ ಕಿಲೋಮೀಟರುಗಳ ದೂರ. ಘಟ್ಟವೆಂದರೆ ಬೆಟ್ಟ, ತಿಟ್ಟೆಂದರೆ ದಿಬ್ಬ. ಎರಡೂ ಎತ್ತರವನ್ನು ಹೇಳುವ ಮಾತುಗಳೇ. ಆದರೆ ಒಂದು ನಾವು ಹತ್ತಬೇಕಾದ ಎತ್ತರ, ಇನ್ನೊಂದು ನಾವು ಕಾಲಿಡಬಾರದ ಎತ್ತರ. ಈ ಭೇದವನ್ನರಿತು ನಡೆದರೆ ಪ್ರವಾಸ ಸಾರ್ಥಕವಾದಂತೆ.

ಬಿಸಿಲೇರುವ ಮೊದಲೇ ಕರಿಘಟ್ಟವನ್ನು ಹತ್ತುವುದು ಲೇಸು. ಮೇಲಕ್ಕೆ ಡಾಮರು ರಸ್ತೆಯೂ ಉಂಟು. ಆದರೂ ಕಾಲಲ್ಲಿ ಶಕ್ತಿಯಿರುವವರು ಕಲ್ಲಿನ ಮೆಟ್ಟಿಲುಗಳನ್ನೇ ಹಿಡಿಯಬೇಕು. ಇಕ್ಕೆಲದಲ್ಲೂ ಕುರುಚಲು ಪೊದೆ, ಬಂಡೆ, ಅಲ್ಲಲ್ಲಿ ಹುಣಿಸೆಯ ನೆರಳು. ಮೇಲೆ ಶ್ರೀನಿವಾಸನ ದೇವಾಲಯ. ದರ್ಶನ ಮುಗಿಸಿ ಅಂಚಿಗೆ ಬಂದು ನಿಂತರೆ ಭೂಗೋಳದ ಪಾಠವೇ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ಕೆಳಗೆ ಲೋಕಪಾವನಿ ಕಾವೇರಿಯನ್ನು ಸೇರಲು ಹೊರಟಿದ್ದಾಳೆ. ಎರಡಾಗಿ ಕವಲೊಡೆದು ಪಟ್ಟಣವನ್ನು ತಬ್ಬಿದ ಕಾವೇರಿ ಮತ್ತೆ ಒಂದಾಗುತ್ತಾಳೆ. ಸುತ್ತಲೂ ಬತ್ತದ ಗದ್ದೆ, ಕಬ್ಬಿನ ತೋಟ. ಈ ಹಸುರು ಬರಿಯ ಮಳೆಯ ಕೊಡುಗೆಯಲ್ಲ. ಒಡ್ಡು ಕಟ್ಟಿ ನಾಲೆ ತೋಡಿದ ಮನುಷ್ಯರ ದುಡಿಮೆಯ ಫಲ.

ಬುತ್ತಿಯ ಮೊಸರನ್ನ ಮುಗಿಸಿ, ಬಿಸಿಲು ತುಸು ಇಳಿದ ಮೇಲೆ ರಂಗನತಿಟ್ಟಿಗೆ ಬನ್ನಿ. ಇಲ್ಲಿಯೂ ಮನುಷ್ಯನ ಕೈ ಇದೆಯೆಂದರೆ ಆಶ್ಚರ್ಯವಾದೀತು. ೧೬೪೫ರಿಂದ ೧೬೪೮ರ ಅವಧಿಯಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿಸಿದಾಗ ನೀರು ಹರಡಿ ನಿಂತು, ಉಳಿದ ದಿಬ್ಬಗಳು ನಡುಗಡ್ಡೆಗಳಾದುವು. ರೈತನಿಗೆಂದು ಕಟ್ಟಿದ ಒಡ್ಡು ಹಕ್ಕಿಗೂ ಮನೆ ಕೊಟ್ಟಿತು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಈ ಸ್ಥಳದ ಬೆಲೆಯನ್ನು ಕಂಡು ಮೈಸೂರು ಅರಸರಿಗೆ ಮನದಟ್ಟು ಮಾಡಿದ್ದರಿಂದ ೧೯೪೦ರಲ್ಲಿ ಇದು ಪಕ್ಷಿಧಾಮವಾಯಿತು. ೨೦೨೨ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿ, ಆ ಗೌರವ ಪಡೆದ ಕರ್ನಾಟಕದ ಮೊದಲ ಜೌಗುನೆಲವೆನಿಸಿತು.

ದೋಣಿ ಮೆಲ್ಲನೆ ಸಾಗುವಾಗ ಮರಗಳೇ ಬಿಳಿಯ ಹೂ ಬಿಟ್ಟಂತೆ ಕಾಣುತ್ತವೆ. ಹತ್ತಿರ ಹೋದರೆ ಹೂವಿಗೆ ಕೊಕ್ಕು ಮೂಡುತ್ತದೆ! ಬಣ್ಣದ ಕೊಕ್ಕರೆ, ಚಮಚದಂಥ ಚಪ್ಪಟೆ ಕೊಕ್ಕಿನ ಹಕ್ಕಿ, ಗಂಟಲಿಗೆ ಚೀಲ ಕಟ್ಟಿಕೊಂಡಂತಿರುವ ಹೆಜ್ಜಾರ್ಲೆ. ಬಾಯ್ಕಳಕದ ಕೊಕ್ಕಿನ ನಡುವೆ ಸದಾ ಒಂದು ಸಂದು. ಜಾರುವ ಬಸವನಹುಳುವನ್ನು ಹಿಡಿಯಲು ಅದಕ್ಕೆ ಒದಗಿದ ಇಕ್ಕಳವದು. ಬಂಡೆಯ ಮೇಲೆ ಬಾಯ್ದೆರೆದು ಮಲಗಿದ ಮೊಸಳೆಯನ್ನು ಕಂಡರೆ, ನೀರಿಗೆ ಕೈಯಿಳಿಬಿಡಬೇಡಿರೆಂದು ಮಕ್ಕಳಿಗೆ ಬೇರೆ ಹೇಳಬೇಕಾಗುವುದಿಲ್ಲ.

ಈ ಸೊಬಗಿನ ಆಯುಸ್ಸು ಗೇಣುದ್ದ ನೀರಿನ ಏರಿಳಿತದಲ್ಲಿದೆ. ರೀವವೆಂಬ ಹಕ್ಕಿ ಬೇಸಗೆಯಲ್ಲಿ ಗೂಡನ್ನೇ ಕಟ್ಟದೆ ಬರಿಯ ಬಂಡೆಯ ಮೇಲೆ ಮೊಟ್ಟೆಯಿಡುತ್ತದೆ; ನೀರು ಏರಿದರೆ ಆ ವರ್ಷದ ಸಂಸಾರ ಕೊಚ್ಚಿಹೋಯಿತು. ಮೇಲಿನ ಕೃಷ್ಣರಾಜಸಾಗರ ತುಂಬಿ ಮಳೆಗಾಲದಲ್ಲಿ ಹೆಚ್ಚು ನೀರು ಬಿಟ್ಟಾಗ ತಿಟ್ಟುಗಳು ಮುಳುಗುತ್ತವೆ, ದಂಡೆಯ ಮಣ್ಣು ಸವೆಯುತ್ತದೆ, ದೋಣಿಯೂ ನಿಲ್ಲುತ್ತದೆ. ಪ್ರವಾಹವನ್ನು ತಡೆಯುವುದು ನಮ್ಮ ನಿಮ್ಮ ಕೈಯಲ್ಲಿಲ್ಲ. ಗದ್ದಲವನ್ನು ತಡೆಯುವುದು ಖಂಡಿತ ನಮ್ಮ ಕೈಯಲ್ಲಿದೆ. ಬೆದರಿದ ತಾಯಿಹಕ್ಕಿ ಗೂಡು ಬಿಟ್ಟೆದ್ದರೆ, ಮರಿಯ ತಲೆಯ ಮೇಲೆ ಉಳಿಯುವುದು ಸುಡುಬಿಸಿಲು, ಮೇಲೆ ಸುಳಿಯುವ ಹದ್ದು.

ಆದ್ದರಿಂದ ಚಳಿಗಾಲದ ಕೊನೆಯಿಂದ ಬೇಸಗೆಯವರೆಗಿನ ಗೂಡು ಕಟ್ಟುವ ದಿನಗಳಲ್ಲಿ ಹೋಗಿ. ದೋಣಿಯವನನ್ನು ತಿಟ್ಟಿನ ತೀರ ಸಮೀಪಕ್ಕೆ ಒಯ್ಯೆಂದು ಪೀಡಿಸಬೇಡಿ. ಬುತ್ತಿಯ ಎಲೆ ಕಾಗದಗಳನ್ನು ಚೀಲದಲ್ಲೇ ಮರಳಿ ತನ್ನಿ. ರೇಡಿಯೋದಲ್ಲಿ ಮಾತನಾಡುತ್ತಿರುವವನೇ ಇನ್ನೊಂದು ಮಾತು ಸೇರಿಸುತ್ತೇನೆ: ಆ ಒಂದು ದಿನ ರೇಡಿಯೋವನ್ನು ಮನೆಯಲ್ಲೇ ಬಿಟ್ಟು ಹೊರಡಿ. ಅಲ್ಲಿ ಕೇಳಬೇಕಾದ ಕಾರ್ಯಕ್ರಮವೇ ಬೇರೆ. ಅದಕ್ಕೆ ನಮ್ಮ ಮೌನವೊಂದೇ ಶುಲ್ಕ.